ಬಿಸಿಯೂ ಮಬ್ಬೂ ಒಂದೇ ರೋಗ: ಟೆಂಟ್ ಸಿನಿಮಾದಿಂದ ಮನೆಯ ಪ್ರೊಜೆಕ್ಟರ್‌ವರೆಗೆ

ಹಳೆಯ ಎಲ್‌ಸಿಡಿ ಪರದೆ, 100 ವ್ಯಾಟಿನ ಎಲ್‌ಇಡಿ, ಕಂಪ್ಯೂಟರಿನಿಂದ ಬಿಚ್ಚಿದ ಫ್ಯಾನು, ಒಂದು ದಪ್ಪ ಮಸೂರ, ಪ್ಲೈವುಡ್ಡಿನ ಪೆಟ್ಟಿಗೆ. ಇಷ್ಟಿದ್ದರೆ ಮನೆಯಲ್ಲೇ ಪ್ರೊಜೆಕ್ಟರ್ ಮಾಡಬಹುದು ಎನ್ನುವ ವಿಡಿಯೋಗಳು ಎಲ್ಲರ ಮೊಬೈಲಿಗೂ ಬರುತ್ತವೆ. ಮಾಡಬಹುದು, ಸುಳ್ಳಲ್ಲ. ಆದರೆ ಕಲಬುರಗಿಯಲ್ಲಿ ಮಾಡಿ, ಕಮಲಾಪುರದಲ್ಲಿ ಮಾಡಿ, ಎರಡು ತೊಂದರೆ ತಪ್ಪುವುದಿಲ್ಲ. ಒಂದು, ಅರ್ಧ ಗಂಟೆಗೆ ಪೆಟ್ಟಿಗೆ ಹೆಂಚಿನಂತೆ ಕಾದು ಚಿತ್ರದ ನಡುವೆ ಕಪ್ಪು ಮಚ್ಚೆ ಏಳುತ್ತದೆ. ಎರಡು, ಮುಖ ಕಂಡರೆ ಅಕ್ಷರ ಕಾಣುವುದಿಲ್ಲ, ನಡುವೆ ಸ್ಪಷ್ಟವಾದರೆ ಅಂಚು ಮಬ್ಬು.

ಹೆಚ್ಚಿನವರು ಇವನ್ನು ಬೇರೆ ಬೇರೆ ರೋಗ ಎಂದುಕೊಳ್ಳುತ್ತಾರೆ. ಬಿಸಿಗೆ ಇನ್ನೊಂದು ಫ್ಯಾನು ತರುತ್ತಾರೆ, ಮಬ್ಬಿಗೆ ಇನ್ನೊಂದು ಮಸೂರ ತರುತ್ತಾರೆ. ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ನಾವು ಈ ಬರಹದಲ್ಲಿ ಹೇಳಹೊರಟಿರುವುದು ಒಂದೇ ಮಾತು. ಬಿಸಿಯೂ ಮಬ್ಬೂ ಒಂದೇ ರೋಗದ ಎರಡು ಲಕ್ಷಣ. ಇದು ಹೊಸ ರೋಗವೂ ಅಲ್ಲ. ಗೋಡೆಯ ಮೇಲೆ ಚಿತ್ರ ಬೀಳಿಸಲು ಹೊರಟವರೆಲ್ಲ ಮುನ್ನೂರೈವತ್ತು ವರ್ಷಗಳಿಂದ ಇದರ ಜೊತೆ ಹೆಣಗಿದ್ದಾರೆ. ನಮ್ಮ ಜಾತ್ರೆಗಳ ಟೆಂಟಿನಲ್ಲಿ ಯಂತ್ರ ನಡೆಸುತ್ತಿದ್ದ ಆಪರೇಟರ್‌ಗಳಿಗೆ ಇದರ ಮದ್ದು ಗೊತ್ತಿತ್ತು. ಟೆಂಟು ಮುಚ್ಚಿತು, ಆ ತಿಳಿವಳಿಕೆ ಮುಂದಿನವರ ಕೈಗೆ ದಾಟಲಿಲ್ಲ. ಇವತ್ತಿನ ಹುಡುಗರು ಅದೇ ಪಾಠವನ್ನು ಪರದೆ ಸುಟ್ಟುಕೊಂಡು ಮೊದಲಿನಿಂದ ಕಲಿಯುತ್ತಿದ್ದಾರೆ.

ನೀರು ತುಂಬಿದ ಬಲ್ಬು

ಮನೆಯಲ್ಲಿ ಐವತ್ತು ದಾಟಿದವರಿದ್ದರೆ, ಚಿಕ್ಕಂದಿನಲ್ಲಿ ಮನೆಯಲ್ಲೇ ಸಿನಿಮಾ ಆಟ ಆಡಿದ್ದಿರಾ ಎಂದು ಕೇಳಿ ನೋಡಿ. ಕರ್ನಾಟಕದ ಎಷ್ಟೋ ಹಳ್ಳಿಗಳ ಮಕ್ಕಳು ಆಡಿದ ಆಟ ಇದು. ಉರಿದುಹೋದ ಬಲ್ಬಿನ ಬುಡ ಒಡೆದು ಒಳಗಿನ ತಂತಿ ತೆಗೆದು ನೀರು ತುಂಬುವುದು. ಟೆಂಟಿನ ಸುತ್ತ ಬಿದ್ದಿರುತ್ತಿದ್ದ ಫಿಲಂ ತುಂಡನ್ನು ಬಲ್ಬಿನ ಹಿಂದೆ ತಲೆಕೆಳಗಾಗಿ ಹಿಡಿಯುವುದು. ಹೊರಗೆ ನಿಂತವನು ಕನ್ನಡಿಯಿಂದ ಬಿಸಿಲನ್ನು ಬಾಗಿಲ ಸಂದಿಯೊಳಗೆ ಹಾಯಿಸುವುದು. ಕತ್ತಲ ಕೋಣೆಯಲ್ಲಿ ಕಟ್ಟಿದ ಬಿಳಿ ಧೋತರದ ಮೇಲೆ ನಾಯಕ ಬಣ್ಣಬಣ್ಣವಾಗಿ ಎದ್ದು ನಿಲ್ಲುತ್ತಿದ್ದ.

ಅದು ಪೂರ್ತಿ ಪ್ರೊಜೆಕ್ಟರೇ. ದೀಪ ಸೂರ್ಯ, ಮಸೂರ ನೀರಿನ ಬಲ್ಬು. 6 ಸೆಂಟಿಮೀಟರ್ ಅಗಲದ ದುಂಡು ಬಲ್ಬಿನಲ್ಲಿ ನೀರು ತುಂಬಿದರೆ ಅದು ಬಿಸಿಲನ್ನು ತನ್ನ ಹೊರಮೈಯಿಂದ ಸುಮಾರು 3 ಸೆಂಟಿಮೀಟರ್ ದೂರದಲ್ಲಿ ಒಂದು ಚುಕ್ಕೆಗೆ ತರುತ್ತದೆ. ಫಿಲಂ ಆ ದೂರಕ್ಕಿಂತ ಸ್ವಲ್ಪ ಆಚೆ ಇರಬೇಕು. ಅಲ್ಲಿಂದ ಹಿಂದೆ ಮುಂದೆ ಸರಿಸಿ ಸರಿಸಿ ಮಕ್ಕಳು ಫೋಕಸ್ ಹಿಡಿಯುತ್ತಿದ್ದರು. ಎರಡು ಕನ್ನಡಿಯ ಬಿಸಿಲು ಒಂದೇ ಕಡೆ ಬಿಟ್ಟರೆ ಚಿತ್ರ ಬೆಳಗುತ್ತಿತ್ತು, ಫಿಲಂ ತುಂಡು ಮುರುಟುತ್ತಿತ್ತು. ಬೆಳಕು ಹೆಚ್ಚಾದರೆ ಬಿಸಿ, ಬಿಸಿ ಹೆಚ್ಚಾದರೆ ಚಿತ್ರ ಹಾಳು ಎನ್ನುವುದು ಆ ಮಕ್ಕಳಿಗೆ ಆಟದಲ್ಲೇ ತಿಳಿದಿತ್ತು.

ಈಗ ಪ್ಯಾರಿಸ್‌ಗೆ ಹೋಗೋಣ. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರು ಅಲ್ಲಿ ಟಿಕೆಟ್ ಮಾರಿ ಚಲಿಸುವ ಚಿತ್ರ ತೋರಿಸಿದರು. ಏಳು ತಿಂಗಳು ತುಂಬುವ ಮೊದಲೇ, 1896ರ ಜುಲೈ 7ರಂದು, ಅದೇ ಯಂತ್ರ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಡೆಯಿತು. ಅವರ ಯಂತ್ರದಲ್ಲಿ ದೀಪಕ್ಕೂ ಫಿಲಮಿಗೂ ನಡುವೆ ಇದ್ದದ್ದು ಏನು ಗೊತ್ತೇ? ನೀರು ತುಂಬಿದ ದುಂಡು ಗಾಜಿನ ಬುರುಡೆ!

ಆ ಬುರುಡೆ ಎರಡು ಕೆಲಸ ಮಾಡುತ್ತಿತ್ತು. ಬೆಳಕನ್ನು ಒಟ್ಟುಗೂಡಿಸಿ ಫಿಲಮಿನ ಮೇಲೆ ಹಾಕುತ್ತಿತ್ತು. ದೀಪದ ಬಿಸಿಯನ್ನು ನೀರು ಕುಡಿದುಬಿಡುತ್ತಿತ್ತು. ನೀರು ಕುದಿದು ಗುಳ್ಳೆ ಎದ್ದರೆ ಚಿತ್ರ ಅಲುಗಾಡುತ್ತದೆ ಎಂದು ಒಳಗೆ ದಾರದಲ್ಲಿ ಸುಟ್ಟ ಕಲ್ಲಿದ್ದಲಿನ ತುಣುಕು ಇಳಿಬಿಡುತ್ತಿದ್ದರು. ಬುರುಡೆ ಒಡೆದರೂ ಅಪಾಯವಿಲ್ಲ, ಏಕೆಂದರೆ ಬುರುಡೆ ಇಲ್ಲದೆ ಬೆಳಕು ಒಂದೆಡೆ ಸೇರುವುದೇ ಇಲ್ಲ, ಫಿಲಂ ಸುಡುವುದೂ ಇಲ್ಲ. ಬಿಸಿಯ ಮದ್ದು, ಸ್ಪಷ್ಟತೆಯ ಮದ್ದು, ಕಾವಲು, ಮೂರೂ ಒಂದೇ ಗಾಜಿನಲ್ಲಿ.

ಬೆಂಕಿ ಕಲಿಸಿದ ಪಾಠ

ಗೋಡೆಯ ಮೇಲೆ ಚಿತ್ರ ಬೀಳಿಸುವ ದೀಪದ ಪೆಟ್ಟಿಗೆಯನ್ನು 1659ರ ಸುಮಾರಿಗೆ ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಮಾಡಿದ್ದರು. ಆಗ ಎಣ್ಣೆ ದೀಪ. ಬಿಸಿ, ಹೊಗೆ ಹೋಗಲು ಪೆಟ್ಟಿಗೆಯ ನೆತ್ತಿಯ ಮೇಲೆ ಚಿಮಣಿ ಇಡುತ್ತಿದ್ದರು. ನಮ್ಮ ನೆರೆಯ ಮಹಾರಾಷ್ಟ್ರದ ಕಲ್ಯಾಣದಲ್ಲಿ ಪಟವರ್ಧನ್ ಮನೆತನದವರು 1892ರಲ್ಲಿ ಇಂಥದೇ ದೀಪದಿಂದ ಗಾಜಿನ ಮೇಲೆ ಬರೆದ ಚಿತ್ರಗಳನ್ನು ತೋರಿಸುತ್ತಾ ಕಥೆ ಹೇಳಲು ಶುರುಮಾಡಿದರು. ಅದಕ್ಕೆ ಶಾಂಬರಿಕ ಖರೋಲಿಕಾ ಎಂದು ಹೆಸರು.

ಗಾಜಿನ ಚಿತ್ರ ಬಿಸಿ ತಾಳುತ್ತದೆ. ಸಿನಿಮಾ ಫಿಲಂ ತಾಳುವುದಿಲ್ಲ. ಮೊದಲ ಅರ್ಧ ಶತಮಾನದ ಫಿಲಮುಗಳು ನೈಟ್ರೇಟಿನವು. ಒಮ್ಮೆ ಹೊತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಉರಿಯುವ ವಸ್ತು ಅದು. ಅದರ ಜೊತೆಗೆ ದೀಪಗಳೂ ಅಪಾಯದವು. 1897ರ ಮೇ 4ರಂದು ಪ್ಯಾರಿಸ್ಸಿನ ಧರ್ಮಾರ್ಥ ಸಂತೆಯೊಂದರಲ್ಲಿ ಸಿನಿಮಾ ಯಂತ್ರದ ಈಥರ್ ದೀಪಕ್ಕೆ ಈಥರ್ ತುಂಬುವಾಗ ಹತ್ತಿರದಲ್ಲಿ ಯಾರೋ ಕಡ್ಡಿ ಗೀರಿದರು. 120ಕ್ಕೂ ಹೆಚ್ಚು ಜನ ಸುಟ್ಟು ಸತ್ತರು.

ಅಲ್ಲಿಂದ ಮುಂದೆ ಲೋಕದ ಎಲ್ಲ ಕಡೆ ಯಂತ್ರಕ್ಕೆ ಬೇರೆಯೇ ಕೋಣೆ ಬಂತು. ಗೋಡೆ ಬೆಂಕಿ ಹಿಡಿಯದ್ದಾಗಿರಬೇಕು, ಕಿಂಡಿಗೆ ತಟ್ಟನೆ ಬೀಳುವ ತಗಡಿನ ಮುಚ್ಚಳ ಬೇಕು, ಪಕ್ಕದಲ್ಲಿ ಮರಳಿನ ಬಕೆಟ್ಟು ಬೇಕು ಎನ್ನುವ ನಿಯಮಗಳು ಬಂದವು. ನಮ್ಮ ರಾಜ್ಯದಲ್ಲಿ 1964ರ ಸಿನಿಮಾ ನಿಯಂತ್ರಣ ಕಾಯ್ದೆ ಊರೂರು ಸುತ್ತುವ ಟೆಂಟುಗಳನ್ನೂ ಪರವಾನಗಿಯ ಕಟ್ಟಿನೊಳಗೆ ತಂದಿತು. ಕೊಡಾಕ್ ಕಂಪನಿ ನೈಟ್ರೇಟ್ ಫಿಲಂ ಮಾಡುವುದನ್ನು ನಿಲ್ಲಿಸಿದ್ದು 1951ರಲ್ಲಿ. ನಂತರದ ಫಿಲಂ ಧಗ್ಗೆಂದು ಹೊತ್ತುವುದಿಲ್ಲ. ಆದರೆ ಕರಗುತ್ತದೆ, ಬಗ್ಗುತ್ತದೆ.

ಟೆಂಟಿನ ಹಿಂದಿನ ಕೋಣೆ

ಕನ್ನಡದ ಮೊದಲ ಮಾತಿನ ಚಿತ್ರವಾಗಿ ತೆರೆಗೆ ಬಂದದ್ದು 1934ರ ‘ಸತಿ ಸುಲೋಚನ’. ಆಗ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ರಂದು ನಾವು ಕನ್ನಡದ ರಾಜ್ಯಕ್ಕೆ ಸೇರಿದೆವು. ನಗರಗಳಲ್ಲಿ ಕಟ್ಟಡದ ಟಾಕೀಸುಗಳು, ಹಳ್ಳಿಗಳಿಗೆ ಜಾತ್ರೆ, ಉರುಸು, ಸಂತೆಗಳ ಹಿಂದೆ ಬರುವ ಟೆಂಟುಗಳು. ನೆಲದ ಮೇಲೆ ಕೂತು, ಉಸುಕು ಗುಡ್ಡೆ ಮಾಡಿಕೊಂಡು ನೋಡಿದ ಸಿನಿಮಾದ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಹಸಿಯಾಗಿದೆ.

ನೆನಪಿನಲ್ಲಿ ನಾಯಕ ನಾಯಕಿಯರು ಉಳಿದರು. ಹಿಂದಿನ ಕೋಣೆಯ ಮನುಷ್ಯ ಉಳಿಯಲಿಲ್ಲ. ಅವನ ಕೆಲಸ ಏನಿತ್ತು ಎಂದು ನೋಡೋಣ.

ಅವನ ದೀಪ ಎರಡು ಕಾರ್ಬನ್ ಕಡ್ಡಿಗಳು. ಎದುರುಬದುರು ಇಟ್ಟು, ಒಮ್ಮೆ ಮುಟ್ಟಿಸಿ, ಸ್ವಲ್ಪ ದೂರ ಸರಿಸಿದರೆ ನಡುವೆ ಕಣ್ಣು ಕುಕ್ಕುವ ಬೆಳಕು ಹೊತ್ತಿಕೊಳ್ಳುತ್ತದೆ. ಆ ಕಡ್ಡಿಯ ತುದಿ 3,500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಬ್ಬಿಣ ಕರಗಲು 1,538 ಡಿಗ್ರಿ ಸಾಕು ಎಂದರೆ ಇದರ ಬಿಸಿ ಎಷ್ಟೆಂದು ತಿಳಿಯಬಹುದು. ಕಡ್ಡಿ ಉರಿದಂತೆ ಸವೆಯುತ್ತದೆ, ನಡುವಿನ ದೂರ ಹೆಚ್ಚುತ್ತದೆ, ಬೆಳಕು ಮಂಕಾಗುತ್ತದೆ. ಆಪರೇಟರ್ ಕಪ್ಪು ಗಾಜಿನ ಕಿಂಡಿಯಲ್ಲಿ ನೋಡುತ್ತಾ ತಿರುಪು ತಿರುಗಿಸಿ ಕಡ್ಡಿಗಳನ್ನು ಹತ್ತಿರ ತರುತ್ತಲೇ ಇರಬೇಕು. ಮೂರು ತಾಸಿನ ಸಿನಿಮಾ ಮುಗಿಯುವವರೆಗೂ ಈ ಕೆಲಸ ಇದ್ದದ್ದೇ.

ಈ ಬೆಳಕು ಹಿಂದಿನ ಬಟ್ಟಲುಗನ್ನಡಿಯಿಂದ ಪುಟಿದು ಅಂಚೆ ಚೀಟಿಯಷ್ಟು ಸಣ್ಣ ಕಿಂಡಿಯ ಮೇಲೆ ಬೀಳುತ್ತದೆ. ಅದಕ್ಕೆ ಗೇಟು ಎನ್ನುತ್ತಾರೆ. ಫಿಲಂ ಸೆಕೆಂಡಿಗೆ 24 ಚಿತ್ರಗಳಂತೆ ಅಲ್ಲಿ ನಿಂತು ನಿಂತು ಓಡುತ್ತದೆ. ಓಡುತ್ತಿರುವುದರಿಂದಲೇ ಅದು ಬದುಕುತ್ತದೆ. ಸಿಕ್ಕಿಕೊಂಡು ನಿಂತರೆ ತೆರೆಯ ಮೇಲೆ ನಾಯಕಿಯ ಕೆನ್ನೆಯ ಮೇಲೊಂದು ಕಂದು ಗುಳ್ಳೆ ಎದ್ದು, ಹಿಗ್ಗಿ, ಬೆಳ್ಳಗಾಗುತ್ತಿತ್ತು. ಟೆಂಟಿನ ಪ್ರೇಕ್ಷಕರೆಲ್ಲ ಅದನ್ನು ಒಮ್ಮೆಯಾದರೂ ಕಂಡವರೇ.

ಸುಡುವ ಮೊದಲೇ ಇನ್ನೊಂದು ಆಗುತ್ತದೆ. ಬಿಸಿಗೆ ಫಿಲಂ ಉಬ್ಬುತ್ತದೆ. 21 ಮಿಲಿಮೀಟರ್ ಅಗಲದ ಚಿತ್ರ 6 ಮೀಟರ್ ತೆರೆಗೆ ಹೋಗಬೇಕಾದರೆ 285 ಪಟ್ಟು ದೊಡ್ಡದಾಗಬೇಕು. ಫಿಲಂ ಒಂದು ಕೂದಲೆಳೆಯಷ್ಟು ಮುಂದಕ್ಕೆ ಉಬ್ಬಿದರೂ ಇಡೀ ತೆರೆ ಮಬ್ಬಾಗುತ್ತದೆ. ಟೆಂಟಿನಲ್ಲಿ ಸಿಳ್ಳೆ, "ಫೋಕಸ್, ಫೋಕಸ್" ಎನ್ನುವ ಕೂಗು. ಜನ ಮಸೂರವನ್ನು ಬೈಯುತ್ತಿದ್ದರು. ಆದರೆ ಎಷ್ಟೋ ಸಲ ಕೆಟ್ಟದ್ದು ಮಸೂರವಲ್ಲ, ದೀಪ ಬಿಸಿಯಾಗಿದ್ದು.

ಆಪರೇಟರಿಗೆ ಇದು ಗೊತ್ತಿತ್ತು. ಅದಕ್ಕೇ ಹೊಸ ರೀಲು ಶುರುವಾಗಿ ಕೆಲವು ನಿಮಿಷ ಅವನ ಕೈ ಫೋಕಸ್ ತಿರುಪಿನ ಮೇಲೇ ಇರುತ್ತಿತ್ತು. ಯಂತ್ರ ಮಾಡುವ ಕಂಪನಿಗಳೂ ಇದಕ್ಕೆ ಉಪಾಯ ಹುಡುಕಿದವು. ಮೊದಲು ಮಸೂರದ ಮುಂದೆ ತಿರುಗುತ್ತಿದ್ದ ಶಟರನ್ನು ದೀಪಕ್ಕೂ ಫಿಲಮಿಗೂ ನಡುವೆ ತಂದು ಹಾಕಿದರು. ಚಿತ್ರ ಬದಲಾಗುವ ಹೊತ್ತಿನ ಬೆಳಕು ಫಿಲಮಿಗೆ ಬೀಳುವುದೇ ತಪ್ಪಿತು, ಬಿಸಿ ಹೆಚ್ಚೂಕಡಿಮೆ ಅರ್ಧವಾಯಿತು. ತೆರೆಯ ಬೆಳಕು ಮಾತ್ರ ಒಂದು ಚೂರೂ ಕಡಿಮೆಯಾಗಲಿಲ್ಲ. ದೊಡ್ಡ ಟಾಕೀಸುಗಳಲ್ಲಿ ಗೇಟಿನ ಸುತ್ತ ನೀರು ಹರಿಸಿದರು, ಫಿಲಮಿನ ಮೇಲೆ ಗಾಳಿ ಊದಿದರು. 1950ರ ದಶಕದಲ್ಲಿ ಕ್ಸೆನಾನ್ ದೀಪ ಬಂದು ನಿಧಾನವಾಗಿ ಕಾರ್ಬನ್ ಕಡ್ಡಿಯನ್ನು ಬದಿಗೆ ಸರಿಸಿತು. ಬಿಸಿಯ ಕಾಟ ಅಲ್ಲಿಗೂ ಮುಗಿಯಲಿಲ್ಲ.

ಗಾಡಿಯಲ್ಲಿ ಬಂದ ಸಿನಿಮಾ, ಆಕಾಶದಿಂದ ಬಂದ ಟಿವಿ

ಟೆಂಟು ಹೋಗದ ಊರುಗಳಿಗೆ ಸರ್ಕಾರದ ಪ್ರಚಾರ ಗಾಡಿಗಳು ಹೋಗುತ್ತಿದ್ದವು. ಕುಟುಂಬ ಯೋಜನೆ, ಬೀಜ ಗೊಬ್ಬರ, ಪಂಚವಾರ್ಷಿಕ ಯೋಜನೆಗಳ ಸಾಕ್ಷ್ಯಚಿತ್ರಗಳನ್ನು ಗುಡಿಯ ಮುಂದೆ, ಚಾವಡಿಯ ಮುಂದೆ ತೋರಿಸುತ್ತಿದ್ದರು. ಅವು 16 ಮಿಲಿಮೀಟರ್ ಯಂತ್ರಗಳು. ಒಳಗೆ 750 ಅಥವಾ 1,000 ವ್ಯಾಟಿನ ದೊಡ್ಡ ಬಲ್ಬು, ಅದಕ್ಕೊಂದು ಫ್ಯಾನು.

ಆ ಯಂತ್ರದಲ್ಲಿ ದೀಪಕ್ಕೂ ಫ್ಯಾನಿಗೂ ಬೇರೆ ಬೇರೆ ಹಂತದ ಸ್ವಿಚ್ಚು ಇರುತ್ತಿತ್ತು. ಮೊದಲು ಫ್ಯಾನು, ಆಮೇಲೆ ದೀಪ. ಮುಗಿದಾಗ ಮೊದಲು ದೀಪ ಆರಿಸುವುದು, ಫ್ಯಾನು ಕೆಲವು ನಿಮಿಷ ಓಡಲು ಬಿಡುವುದು. ಮನೆಯಲ್ಲಿ ಪೆಟ್ಟಿಗೆ ಮಾಡುವವರಲ್ಲಿ ಎಷ್ಟು ಜನ ಎರಡಕ್ಕೂ ಒಂದೇ ಸ್ವಿಚ್ಚು ಹಾಕುವುದಿಲ್ಲ?

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇನ್ನೊಂದು ಅಚ್ಚರಿ ನಡೆಯಿತು. ಅಮೆರಿಕದ ಉಪಗ್ರಹವೊಂದನ್ನು ಬಳಸಿ ಇಸ್ರೋ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತಲುಪಿಸಿತು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ತಂತಿ ಜಾಲರಿಯ, ಸುಮಾರು 3 ಮೀಟರ್ ಅಗಲದ ಡಿಶ್ಶು, ಒಂದು ಕಪ್ಪು ಬಿಳುಪು ಟಿವಿ, ಎದುರಿಗೆ ಇಡೀ ಊರು. 1977ರಲ್ಲಿ ಗುಲ್ಬರ್ಗಾದಲ್ಲೇ ಟಿವಿ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗಿಂತ ಮೊದಲು!

ಆದರೆ ಸಣ್ಣ ಗಾಜಿನ ಮುಂದೆ ನೂರಾರು ಜನ. ಹಿಂದೆ ಕೂತವರಿಗೆ ಮುಖ ಕಾಣದು, ಅಕ್ಷರವಂತೂ ಇಲ್ಲವೇ ಇಲ್ಲ. ಟಿವಿಯ ಚಿತ್ರವನ್ನು ಸಿನಿಮಾದಷ್ಟು ದೊಡ್ಡದು ಮಾಡಬೇಕು ಎನ್ನುವ ಆಸೆ ಹುಟ್ಟುವುದು ಇಂಥ ಕಡೆಯೇ. ಆ ಆಸೆಯೇ ವಿಡಿಯೋ ಪ್ರೊಜೆಕ್ಟರ್.

ಗಜ್ಜರಿಯಿಂದ ಹುಟ್ಟಿದ ಪರದೆ

ಮನೆಯ ಪ್ರೊಜೆಕ್ಟರಿನಲ್ಲಿ ಫಿಲಮಿನ ಜಾಗದಲ್ಲಿ ಇರುವುದು ಎಲ್‌ಸಿಡಿ ಪರದೆ. ಅದರೊಳಗೆ ದ್ರವಸ್ಫಟಿಕ ಎನ್ನುವ ವಸ್ತು ಇದೆ. ಹರಿಯುತ್ತದೆ, ಆದರೂ ಒಳಗಿನ ಅಣುಗಳು ಸಾಲಾಗಿ ನಿಂತಿರುತ್ತವೆ. ಇದನ್ನು 1888ರಲ್ಲಿ ಮೊದಲು ಗಮನಿಸಿದ್ದು ಫ್ರೀಡ್ರಿಶ್ ರೈನಿಟ್ಜರ್ ಎನ್ನುವ ಸಸ್ಯವಿಜ್ಞಾನಿ. ಗಜ್ಜರಿಯ ಕೊಲೆಸ್ಟೆರಾಲಿನಿಂದ ಮಾಡಿದ ಪುಡಿಯನ್ನು ಅವರು ಕಾಯಿಸುತ್ತಿದ್ದರು. 145.5 ಡಿಗ್ರಿಗೆ ಅದು ಕರಗಿ ಮೋಡದಂತೆ ಮಬ್ಬಾಯಿತು. 178.5 ಡಿಗ್ರಿಗೆ ಮಬ್ಬು ಹೋಗಿ ನೀರಿನಂತೆ ತಿಳಿಯಾಯಿತು.

ಈ ಕೊನೆಯ ಮಾತನ್ನು ನೆನಪಿಡಿ. ದ್ರವಸ್ಫಟಿಕಕ್ಕೆ ಒಂದು ಬಿಸಿಯ ಮಿತಿ ಇದೆ. ಅದನ್ನು ದಾಟಿದರೆ ಅಣುಗಳ ಸಾಲು ಕೆಡುತ್ತದೆ, ಅದು ಬರೀ ದ್ರವವಾಗುತ್ತದೆ. ಮನೆಯ ಪ್ರೊಜೆಕ್ಟರಿನ ನಡುವೆ ಏಳುವ ಕಪ್ಪು ಮಚ್ಚೆ ಹೆಚ್ಚಾಗಿ ಇದೇ. ಆ ಜಾಗದ ಬಿಸಿ ಮಿತಿ ದಾಟಿದೆ ಎಂದು ಅರ್ಥ. ತಕ್ಷಣ ಆರಿಸಿ ತಣ್ಣಗಾಗಲು ಬಿಟ್ಟರೆ ಮಚ್ಚೆ ಹೋಗಬಹುದು. ಹಾಗೇ ಓಡಿಸಿದರೆ ಪರದೆಗೆ ಅಂಟಿಸಿದ ಪೋಲರೈಸರ್ ಹಾಳೆ ಹಳದಿಯಾಗಿ ಸುಡುತ್ತದೆ. ಅದು ಮತ್ತೆ ಸರಿಹೋಗುವುದಿಲ್ಲ.

ಈ ವಿದ್ಯೆಯಲ್ಲಿ ಕರ್ನಾಟಕಕ್ಕೂ ದೊಡ್ಡ ಪಾಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ನಡೆಸಿ, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಮತ್ತು ಅವರ ಜೊತೆಗಾರರು 1977ರಲ್ಲಿ ತಟ್ಟೆಯಾಕಾರದ ಅಣುಗಳ ಹೊಸ ಬಗೆಯ ದ್ರವಸ್ಫಟಿಕವನ್ನು ಕಂಡುಹಿಡಿದರು. ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಪರದೆಗಳಿಗೆ ಅಂಟಿಸುವ ಒಂದು ಬಗೆಯ ತೆಳು ಹಾಳೆಯಲ್ಲಿ ಆಮೇಲೆ ಇಂಥ ಅಣುಗಳನ್ನೇ ಬಳಸಿದರು.

1980ರ ದಶಕದ ಕೊನೆಗೆ ಎಲ್‌ಸಿಡಿ ಪ್ರೊಜೆಕ್ಟರುಗಳು ಅಂಗಡಿಗೆ ಬಂದವು. 2000ದ ನಂತರ ಹಳೆಯ ಮಾನಿಟರಿನ ಪರದೆ ಬಿಚ್ಚಿ ಮನೆಯಲ್ಲೇ ಪ್ರೊಜೆಕ್ಟರ್ ಮಾಡುವ ಹುಚ್ಚು ಹಲವು ದೇಶಗಳಲ್ಲಿ ಹಬ್ಬಿತು. 2010ರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಟಾಕೀಸುಗಳಲ್ಲಿ ಫಿಲಂ ರೀಲು ನಿಂತು ಡಿಜಿಟಲ್ ಬಂತು. ಆಪರೇಟರ್ ಕೈಯ ವಿದ್ಯೆಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಆ ವಿದ್ಯೆ ಬೇಕಾಗಿದ್ದ ಹುಡುಗರು ಆಗಲೇ ಮನೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಾ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಾಣಲಿಲ್ಲ.

ಬಿಸಿಯ ಲೆಕ್ಕ

100 ವ್ಯಾಟಿನ ಎಲ್‌ಇಡಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಬೆಳಕಾಗುತ್ತದೆ. ಉಳಿದ 65 ವ್ಯಾಟಿನಷ್ಟು ಬಿಸಿ, ಚಿಪ್ಪಿನ ಬೆನ್ನ ಹಿಂದೆ, ಕೆಲವೇ ಸೆಂಟಿಮೀಟರ್ ಜಾಗದಲ್ಲಿ. ಇದಕ್ಕೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕು. ನಡುವೆ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಬೇಕು. ರೊಟ್ಟಿಗೆ ಬೆಣ್ಣೆ ಮೆತ್ತಿದಂತೆ ಮೆತ್ತಿದರೆ ಅದೇ ಬಿಸಿಗೆ ಅಡ್ಡವಾಗುತ್ತದೆ.

ಆದರೆ ಪರದೆಯನ್ನು ಸುಡುವುದು ಈ ಬಿಸಿಯಲ್ಲ, ಬೆಳಕೇ. ಬಣ್ಣದ ಎಲ್‌ಸಿಡಿ ಪರದೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಆಚೆಗೆ ಬಿಡುವುದು 100ಕ್ಕೆ 5ರಿಂದ 8 ಪಾಲು ಮಾತ್ರ. ಮೊದಲ ಪೋಲರೈಸರ್ ಹಾಳೆಯೇ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ನುಂಗಿದ್ದೆಲ್ಲ ಅಲ್ಲೇ ಬಿಸಿಯಾಗುತ್ತದೆ. ಹೀಟ್‌ಸಿಂಕಿಗೆ ಎಷ್ಟು ದೊಡ್ಡ ಫ್ಯಾನು ಹಾಕಿದರೂ ಪರದೆ ಸುಡುವುದು ಇದಕ್ಕೇ. ಪರದೆಯ ಎರಡೂ ಮೈಗೆ ಗಾಳಿ ಹರಿಯಬೇಕು, ಅದಕ್ಕೆ ಬೇರೆಯೇ ಫ್ಯಾನು ಬೇಕು. ಹಾಲೊಜೆನ್, ಮೆಟಲ್ ಹ್ಯಾಲೈಡ್ ದೀಪದವರು ಬಿಸಿ ತಡೆಯುವ ಗಾಜು ನಡುವೆ ಹಾಕುತ್ತಾರೆ, ಅದು ಸರಿ. ಎಲ್‌ಇಡಿಯ ಬೆಳಕಿನಲ್ಲಿ ಕಾಣದ ಕೆಂಪುಗಿರಣ ಬಹಳ ಕಡಿಮೆ, ಆ ಗಾಜಿನಿಂದ ಹೆಚ್ಚು ಲಾಭವಿಲ್ಲ.

ಇನ್ನು ನಮ್ಮ ಬಿಸಿಲು. ಫ್ಯಾನು ಎಷ್ಟೇ ಬೀಸಲಿ, ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಪೆಟ್ಟಿಗೆಯಲ್ಲಿ ಪರದೆ ಹೊರಗಿನ ಗಾಳಿಗಿಂತ 25 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದುಕೊಳ್ಳಿ. ಬೆಂಗಳೂರಿನ 24 ಡಿಗ್ರಿಯ ಸಂಜೆಯಲ್ಲಿ ಅದು 49. ಕಮಲಾಪುರದ ಬೇಸಿಗೆಯ ರಾತ್ರಿ 36 ಡಿಗ್ರಿ ಇದ್ದರೆ 61. ಸಾಮಾನ್ಯ ಪರದೆಗಳಿಗೆ ತಯಾರಕರು ಹೇಳುವ ಮಿತಿ 50ರಿಂದ 60 ಡಿಗ್ರಿ. ಎಲ್ಲೋ ತಂಪು ಊರಿನವರು ವಿಡಿಯೋದಲ್ಲಿ ತೋರಿಸಿದ ಪೆಟ್ಟಿಗೆ ಅಲ್ಲಿ ಸರಿಯಾಗಿಯೇ ನಡೆದಿರುತ್ತದೆ. ಅದೇ ಅಳತೆಯಲ್ಲಿ ಇಲ್ಲಿ ಮಾಡಿದರೆ ಸುಡುತ್ತದೆ. ನಮ್ಮ ಪೆಟ್ಟಿಗೆ ನಮ್ಮ ಬಿಸಿಲಿನ ಲೆಕ್ಕಕ್ಕೇ ಆಗಬೇಕು.

ಮಬ್ಬಿನ ಲೆಕ್ಕ

ಒಂದೇ ಗಾಜಿನ ಭೂತಕನ್ನಡಿ ನಡುವೆ ಸ್ಪಷ್ಟ, ಅಂಚಿನಲ್ಲಿ ಮಬ್ಬು, ಸುತ್ತ ಬಣ್ಣದ ಗೆರೆ. ಇದು ಗಾಜಿನ ಗುಣ. 1840ರಲ್ಲಿ ಜೋಸೆಫ್ ಪೆಟ್ಜ್‌ವಾಲ್ ಹಲವು ಗಾಜು ಜೋಡಿಸಿ ಒಂದು ಮಸೂರ ಮಾಡಿದರು. ಟಾಕೀಸಿನ ಯಂತ್ರಗಳು ನೂರು ವರ್ಷ ಅದೇ ಕುಟುಂಬದ ಮಸೂರ ಬಳಸಿದವು. 1893ರಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಮೂರೇ ಗಾಜಿನಲ್ಲಿ ಅಂಚಿನವರೆಗೂ ಸ್ಪಷ್ಟವಾಗುವ ಟ್ರಿಪ್ಲೆಟ್ ಮಾಡಿದರು. ಮನೆಯ ಪ್ರೊಜೆಕ್ಟರಿಗೆ ಇವತ್ತು ಮಾರುವ ಒಳ್ಳೆಯ ಮಸೂರ ಅದರ ಮೊಮ್ಮಗನೇ.

ಬರೀ ಭೂತಕನ್ನಡಿಯೇ ಇದ್ದರೆ ಹಳೆಯ ಉಪಾಯವೊಂದಿದೆ. ಮಸೂರದ ಮುಂದೆ ನಡುವೆ ತೂತಿರುವ ರಟ್ಟು ಇಡುವುದು. ಅಂಚಿನ ಕೆಟ್ಟ ಬೆಳಕು ನಿಂತು ಚಿತ್ರ ಸ್ಪಷ್ಟವಾಗುತ್ತದೆ. ಆದರೆ 8 ಸೆಂಟಿಮೀಟರ್ ಮಸೂರಕ್ಕೆ 4 ಸೆಂಟಿಮೀಟರ್ ತೂತು ಇಟ್ಟರೆ, ಮಸೂರದ ಪೂರ್ತಿ ಅಗಲಕ್ಕೆ ಬೆಳಕು ಬೀಳುತ್ತಿದ್ದಲ್ಲಿ, ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಚಿತ್ರ ಮಂಕು. ಮಂಕಾಯಿತೆಂದು ದೊಡ್ಡ ದೀಪ ತರುತ್ತೇವೆ. ದೊಡ್ಡ ದೀಪಕ್ಕೆ ಪರದೆ ಕಾಯುತ್ತದೆ, ಒಳಗಿನ ಪ್ಲಾಸ್ಟಿಕ್ ಬಗ್ಗುತ್ತದೆ. ಬಗ್ಗಿದಾಗ ಮತ್ತೆ ಮಬ್ಬು. ಸ್ಪಷ್ಟತೆಗೆ ಕೊಟ್ಟ ಬೆಲೆ ಬಿಸಿ, ಬಿಸಿ ತಂದದ್ದು ಮಬ್ಬು. ಗಾಣದ ಎತ್ತಿನ ಸುತ್ತು ಇದು.

ಬಗ್ಗುವುದು ಎಷ್ಟು? ಪರದೆಯ ಹಿಂದೆ ಮುಂದೆ ಇರುವ ಗೆರೆಗೆರೆಯ ತೆಳು ಹಾಳೆಗೆ ಫ್ರೆನೆಲ್ ಮಸೂರ ಎನ್ನುತ್ತಾರೆ. ಸಮುದ್ರದ ದೀಪಸ್ತಂಭಗಳಿಗಾಗಿ ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ಮಾಡಿದ ಉಪಾಯ ಅದು. ಈಗಿನದು ಅಕ್ರಿಲಿಕ್ ಪ್ಲಾಸ್ಟಿಕ್. 20 ಸೆಂಟಿಮೀಟರಿನ ಹಾಳೆ 30 ಡಿಗ್ರಿ ಬಿಸಿಯಾದರೆ ಸುಮಾರು 0.4 ಮಿಲಿಮೀಟರ್ ಹಿಗ್ಗುತ್ತದೆ. ನಾಲ್ಕೂ ಕಡೆ ಬಿಗಿಯಾಗಿ ಅಂಟಿಸಿದ್ದರೆ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬುತ್ತದೆ.

ಮುಂದಿನ ಮಸೂರದ ಲೆಕ್ಕ ಇನ್ನೂ ಸೂಕ್ಷ್ಮ. 20 ಸೆಂಟಿಮೀಟರ್ ನಾಭಿದೂರದ ಮಸೂರ, 3 ಮೀಟರ್ ದೂರದಲ್ಲಿ ಗೋಡೆ ಇದ್ದರೆ ಪರದೆ ಮಸೂರದಿಂದ 21.4 ಸೆಂಟಿಮೀಟರ್ ದೂರ ಇರಬೇಕು. ಚಿತ್ರ 14 ಪಟ್ಟು ದೊಡ್ಡದಾಗುತ್ತದೆ. ಗೋಡೆ 4 ಮೀಟರಿಗೆ ಹೋದರೂ ಈ ದೂರ 21.1 ಸೆಂಟಿಮೀಟರ್ ಆಗುತ್ತದೆ ಅಷ್ಟೇ. ಗೋಡೆ ಒಂದು ಮೀಟರ್ ಸರಿದರೆ ಇಲ್ಲಿ ಮೂರು ನಾಲ್ಕು ಮಿಲಿಮೀಟರ್. 8 ಸೆಂಟಿಮೀಟರ್ ಅಗಲದ ಮಸೂರದಲ್ಲಿ ಪರದೆ ಬರೀ ಅರ್ಧ ಮಿಲಿಮೀಟರ್ ಸರಿದರೆ ಗೋಡೆಯ ಮೇಲೆ ಅಕ್ಷರದ ಅಂಚು ಸುಮಾರು 3 ಮಿಲಿಮೀಟರ್ ಹರಡುತ್ತದೆ. ಹಿಂದಿನ ಸಾಲಿನ ಮಕ್ಕಳಿಗೆ ‘ಪ’ ಯಾವುದು, ‘ಷ’ ಯಾವುದು ತಿಳಿಯದೆ ಹೋಗಲು ಇಷ್ಟು ಸಾಕು.

ಆಪರೇಟರ್ ಕಲಿಸಬಹುದಾಗಿದ್ದ ಕ್ರಮ

ಹೊಸ ಸಾಮಾನು ತರುವ ಮೊದಲು ಒಂದು ಪರೀಕ್ಷೆ ಮಾಡಿ. ತಣ್ಣಗಿರುವಾಗ ದೀಪ ಹಚ್ಚಿ, ಅಕ್ಷರವಿರುವ ಚಿತ್ರ ಹಾಕಿ, ಫೋಕಸ್ ಸರಿಮಾಡಿ, ಕೈ ತೆಗೆಯಿರಿ. ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಮೊದಲು ಸ್ಪಷ್ಟವಿದ್ದು ಆಮೇಲೆ ಮಬ್ಬಾದರೆ ರೋಗ ಬಿಸಿಯದು, ಮಸೂರ ಕೊಳ್ಳಬೇಡಿ. ಮೊದಲಿನಿಂದಲೇ ಮಬ್ಬಿದ್ದರೆ ಮಸೂರದ್ದು ಅಥವಾ ಜೋಡಣೆಯದು. ಮೇಲ್ಭಾಗ ಸ್ಪಷ್ಟ, ಕೆಳಭಾಗ ಮಬ್ಬು ಎಂದರೆ ಪೆಟ್ಟಿಗೆ ಗೋಡೆಗೆ ನೇರವಾಗಿಲ್ಲ, ಅಥವಾ ಒಳಗೆ ಪರದೆ ಓರೆಯಾಗಿದೆ. ಇಡೀ ಚಿತ್ರ ನಡುಗುತ್ತಿದ್ದರೆ ಫ್ಯಾನಿನ ಅದುರು. ಫ್ಯಾನಿನ ಸ್ಕ್ರೂಗಳ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟರೆ ನಿಲ್ಲುತ್ತದೆ.

ಬಿಸಿಯ ರೋಗವಾದರೆ ಹೀಗೆ ಮಾಡಿ. ತಂಪು ಗಾಳಿ ಮೊದಲು ಪರದೆಗೆ, ಆಮೇಲೆ ದೀಪಕ್ಕೆ, ಆಮೇಲೆ ಹೊರಗೆ ಹೋಗಲಿ. ಹಿಂದುಮುಂದಾದರೆ ದೀಪದ ಬಿಸಿಯನ್ನೇ ಪರದೆಗೆ ಊದಿದಂತೆ. ಹೊರಬಂದ ಗಾಳಿ ತಿರುಗಿ ಒಳಗೆ ಹೋಗದಂತೆ ಪೆಟ್ಟಿಗೆಯನ್ನು ಗೋಡೆಯಿಂದ ದೂರ ಇಡಿ. ಫ್ರೆನೆಲ್ ಹಾಳೆಯ ಸುತ್ತ ಒಂದು ಮಿಲಿಮೀಟರ್ ಜಾಗ ಬಿಡಿ, ಅಂಟಿಸಬೇಡಿ. ಗಾಳಿ ಒಳಬರುವ ಕಡೆ ತೆಳು ಸ್ಪಂಜು ಹಾಕಿ ವಾರಕ್ಕೊಮ್ಮೆ ತೊಳೆಯಿರಿ. ತೊಗರಿ ರಾಶಿಯ ಕಾಲದಲ್ಲಿ ನಮ್ಮ ಕಡೆ ಧೂಳು ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು.

ಕತ್ತಲು ಹೆಚ್ಚಿಸಿದರೆ ದೀಪ ಹೆಚ್ಚಿಸಬೇಕಿಲ್ಲ. ಸುಣ್ಣ ಬಳಿದ ನುಣುಪು ಗೋಡೆ, ಮುಚ್ಚಿದ ಕಿಟಕಿ, ಸ್ವಲ್ಪ ಚಿಕ್ಕ ಚಿತ್ರ, ಇವು ಮೂರು ಸೇರಿದರೆ 100 ವ್ಯಾಟಿನ ಕೆಲಸ 50 ವ್ಯಾಟಿನಲ್ಲಿ ಆಗುತ್ತದೆ. ಟೆಂಟಿನವರು ಕತ್ತಲಾಗುವವರೆಗೆ ಆಟ ಶುರುಮಾಡುತ್ತಿರಲಿಲ್ಲ ಎನ್ನುವುದೂ ಇದಕ್ಕೇ.

ಬೆಂಕಿಯ ಪಾಠವನ್ನು ಮರೆಯುವಂತಿಲ್ಲ. ಎಲ್‌ಇಡಿ ಡ್ರೈವರಿಗೆ ಬರುವುದು 230 ವೋಲ್ಟ್, ಅದರ ತಂತಿ ತೆರೆದಿಡಬೇಡಿ, ಲೋಹದ ಭಾಗಕ್ಕೆ ಅರ್ತಿಂಗ್ ಕೊಡಿ. ಬಿಸಿ ಮಿತಿ ದಾಟಿದರೆ ತಾನೇ ಆರುವ ಥರ್ಮಲ್ ಸ್ವಿಚ್ಚು ಹೀಟ್‌ಸಿಂಕಿಗೆ ಹಾಕಿ. ದೀಪದ ಹತ್ತಿರ ರಟ್ಟು, ಥರ್ಮಾಕೋಲ್ ಬೇಡ. ಮಕ್ಕಳು ಉರಿಯುವ ಎಲ್‌ಇಡಿಯನ್ನು ನೇರ ನೋಡದಿರಲಿ. ಪಕ್ಕದಲ್ಲಿ ಮರಳಿನ ಬಕೆಟ್ಟು ಇರಲಿ. ವಿದ್ಯುತ್ ಇರುವ ಬೆಂಕಿಗೆ ನೀರು ಹಾಕಬಾರದು.

ಯಾಕಿಷ್ಟು ಹೇಳಿದೆವು

ಕನ್ನಡ ಸಿನಿಮಾದ ಇತಿಹಾಸ ಎಂದರೆ ನಟರು, ನಿರ್ದೇಶಕರು, ಹಾಡುಗಳು. ಆ ಚಿತ್ರಗಳನ್ನು ನಮ್ಮೂರಿನ ತೆರೆಯ ಮೇಲೆ ಕಾಣುವಂತೆ ಮಾಡಿದವರ ಹೆಸರು ಪುಸ್ತಕಗಳಲ್ಲಿ ಇಲ್ಲ. ಅವರ ವಿದ್ಯೆ ಓದಿದ್ದಲ್ಲ, ಕೈಯಲ್ಲಿ ಇದ್ದದ್ದು. ಅದನ್ನು ಯಾರೂ ಬರೆದಿಡದಿದ್ದರೆ ಮನುಷ್ಯನ ಜೊತೆಗೇ ಹೋಗುತ್ತದೆ.

ಇವತ್ತು ಅದರ ಅಗತ್ಯ ಹಿಂದಿಗಿಂತ ಹೆಚ್ಚಿದೆ. ಕೊಂಡ ಪ್ರೊಜೆಕ್ಟರ್ ಕೆಟ್ಟರೆ ಹಳ್ಳಿಯ ಶಾಲೆ ಅದನ್ನು ಕಪಾಟಿನಲ್ಲಿಡುತ್ತದೆ. ಮಾಡಿದ ಪ್ರೊಜೆಕ್ಟರ್ ಕೆಟ್ಟರೆ ಮಾಡಿದ ಹುಡುಗಿಯೇ, ಹುಡುಗನೇ ಬಿಚ್ಚಿ ಸರಿಮಾಡಬಲ್ಲರು. ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ. ಮಸೂರದ ಲೆಕ್ಕ ಬಲ್ಲವರು ಅಲ್ಲಿದ್ದಾರೆ. ಬಿಸಿಯನ್ನು ಕೈಯಿಂದಲೇ ಅಳೆಯಬಲ್ಲ ಹಳೆಯ ಆಪರೇಟರ್ ನಿಮ್ಮ ಓಣಿಯಲ್ಲೇ ಇರಬಹುದು.

ನಿಮ್ಮೂರಿನಲ್ಲಿ ಟೆಂಟಿನಲ್ಲೋ ಟಾಕೀಸಿನಲ್ಲೋ ಯಂತ್ರ ನಡೆಸಿದವರು ಇದ್ದರೆ, ಈ ವಾರವೇ ಹೋಗಿ ಮಾತಾಡಿಸಿ. ಯಾವ ಸಿನಿಮಾ ಎಷ್ಟು ದಿನ ಓಡಿತು ಎಂದು ಮಾತ್ರ ಕೇಳಬೇಡಿ. ಬೇಸಿಗೆಯಲ್ಲಿ ಯಂತ್ರ ಹೇಗೆ ತಣ್ಣಗಿಡುತ್ತಿದ್ದಿರಿ, ಫೋಕಸ್ ಯಾವಾಗ ಜಾರುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿ ಮಾಡಿಕೊಳ್ಳಿ. ಪೆಟ್ಟಿಗೆ ಮಾಡುವ ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.